‘ಬೀಜಕ’ ಸಣ್ಣ ಬೀಜವಲ್ಲ: ಒಂದು ಪದದ ಅರ್ಥ, ಬಳಕೆ ಮತ್ತು ಬೋಧನೆ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಪಾಠವಿದೆ. ವಿದಳನ, ತುಂಡರಿಕೆ, ಪುನರುತ್ಪಾದನೆ, ಮೊಗ್ಗುವಿಕೆ, ಕಾಯಜ ರೀತಿ ಇವೆಲ್ಲ ಆದ ಮೇಲೆ ಬೀಜಕಗಳ ಉತ್ಪತ್ತಿ ಎಂಬ ಸಣ್ಣ ಭಾಗ ಬರುತ್ತದೆ. ಬ್ರೆಡ್ಡಿನ ಮೇಲಿನ ಬೂಷ್ಟಿನ ಒಂದು ಚಿತ್ರ, ನಾಲ್ಕಾರು ಸಾಲಿನ ವಿವರಣೆ. ಬಹುಪಾಲು ತರಗತಿಗಳಲ್ಲಿ ಇದು ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ಪಾಠ ಮುಗಿದ ಮೇಲೆ ‘ಬೀಜಕ ಎಂದರೇನು?’ ಎಂದು ಕೇಳಿದರೆ ಮಕ್ಕಳಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಬಹಳ ಸಣ್ಣ ಬೀಜ.’

ಈ ಉತ್ತರಕ್ಕೆ ಮಕ್ಕಳನ್ನು ದೂರುವಂತಿಲ್ಲ. ಅವರು ಪದವನ್ನು ಸರಿಯಾಗಿಯೇ ಬಿಡಿಸಿ ಓದಿದ್ದಾರೆ. ತೊಡಕು ಇರುವುದು ಪದದಲ್ಲಿ. ಹಾಗಾಗಿ ಈ ಭಾಗದ ಬೋಧನೆಯಲ್ಲಿ ವ್ಯಾಖ್ಯಾನವನ್ನು ಕೊನೆಗೆ ಇಟ್ಟು, ಪದವನ್ನೇ ಪಾಠದ ವಸ್ತುವನ್ನಾಗಿ ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಧಾರವಾಡ ಜಿಲ್ಲೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಎರಡು ತರಗತಿ ಅವಧಿಗಳಲ್ಲಿ ಇದನ್ನು ನಡೆಸಿದೆ. ಅದರ ಸಿದ್ಧತೆ, ನಡೆದ ರೀತಿ ಮತ್ತು ಫಲವನ್ನು ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಪದದ ಒಳಗೆ ಏನಿದೆ?

ನಮ್ಮ ಪುಸ್ತಕಗಳಲ್ಲಿ ಒಂದೇ ವಸ್ತುವಿಗೆ ‘ಬೀಜಕ’, ‘ಬೀಜಾಣು’, ‘ಸ್ಪೋರ್’ ಎಂಬ ಹೆಸರುಗಳು ಕಾಣುತ್ತವೆ. ಮೂರೂ ಮಗುವಿನ ಮನಸ್ಸಿನಲ್ಲಿ ಬೇರೆ ಬೇರೆ ಚಿತ್ರ ಮೂಡಿಸುತ್ತವೆ.

‘ಬೀಜಕ’ದಲ್ಲಿ ಬೀಜದ ಮುಂದೆ ‘ಕ’ ಪ್ರತ್ಯಯವಿದೆ. ಸಂಸ್ಕೃತದಲ್ಲಿ ಈ ‘ಕ’ ಚಿಕ್ಕದು ಎಂಬ ಅರ್ಥವನ್ನೂ, ಅದರಂತಿರುವುದು ಎಂಬ ಅರ್ಥವನ್ನೂ ಕೊಡುತ್ತದೆ. ಬಾಲ–ಬಾಲಕ, ಪುತ್ರ–ಪುತ್ರಕ ಎಂಬ ಜೋಡಿಗಳನ್ನು ನೋಡಿದ ಮಗು ಬೀಜ–ಬೀಜಕ ಎಂದಾಗ ‘ಚಿಕ್ಕ ಬೀಜ’ ಎಂದೇ ತಿಳಿಯುತ್ತದೆ.

‘ಬೀಜಾಣು’ ಎಂದರೆ ಬೀಜ + ಅಣು, ಸವರ್ಣದೀರ್ಘ ಸಂಧಿ. ಇಲ್ಲಿ ತೊಡಕು ಇನ್ನೊಂದು ಬಗೆಯದು. ಅದೇ ಪಾಠದಲ್ಲಿ ಮಕ್ಕಳು ‘ಅಂಡಾಣು’, ‘ವೀರ್ಯಾಣು’ಗಳನ್ನು ಓದುತ್ತಾರೆ. ಅದೇ ಸಾಲಿನಲ್ಲಿ ‘ಬೀಜಾಣು’ ಬಂದರೆ ಇದೂ ಒಂದು ಲಿಂಗಾಣು, ಇನ್ನೊಂದರೊಡನೆ ಕೂಡಬೇಕಾದದ್ದು ಎಂದುಕೊಳ್ಳುತ್ತಾರೆ. ‘ರೋಗಾಣು’ವನ್ನು ನೆನೆದವರು ಇದನ್ನು ಕಾಯಿಲೆ ತರುವ ಕ್ರಿಮಿ ಎಂದುಕೊಳ್ಳುತ್ತಾರೆ.

‘ಸ್ಪೋರ್’ ಎಂದು ಇಂಗ್ಲಿಷನ್ನೇ ಬಳಸಿದರೆ ಈ ಗೊಂದಲ ತಪ್ಪೀತೇ? ತಪ್ಪುವುದಿಲ್ಲ. ಆ ಪದದ ಮೂಲ ಗ್ರೀಕಿನ ‘ಸ್ಪೋರಾ’. ಅದರ ಅರ್ಥವೂ ಬಿತ್ತನೆ, ಬೀಜ ಎಂದೇ. ಯುರೋಪಿನ ಜನ ಬಹುಕಾಲ ಜರೀಗಿಡಕ್ಕೂ ಬೀಜವಿದೆ, ಆದರೆ ಅದು ಕಣ್ಣಿಗೆ ಕಾಣದು ಎಂದು ನಂಬಿದ್ದರು. ಆ ಬೀಜ ಸಿಕ್ಕವನು ತಾನೂ ಕಾಣದಂತಾಗುತ್ತಾನೆ ಎಂಬ ಕತೆಗಳೂ ಹುಟ್ಟಿದ್ದವು. 1753ರಲ್ಲಿ ‘ಸ್ಪೀಶೀಸ್ ಪ್ಲಾಂಟೇರಮ್’ ಪ್ರಕಟಿಸಿದ ಲಿನೇಯಸ್, ಹೂವಿಲ್ಲದ ಈ ಸಸ್ಯಗಳನ್ನೆಲ್ಲ ತನ್ನ 24ನೆಯ ವರ್ಗದಲ್ಲಿ ‘ಕ್ರಿಪ್ಟೊಗ್ಯಾಮಿಯಾ’ ಎಂಬ ಹೆಸರಿನಲ್ಲಿ ಇರಿಸಿದ. ಆ ಹೆಸರಿನ ಅರ್ಥ ಗುಪ್ತ ವಿವಾಹ. ಹಾವಸೆ, ಜರೀಗಿಡಗಳಿಂದ ಹಿಡಿದು ಬೀಜಸಸ್ಯಗಳವರೆಗೆ ಜೀವನಚಕ್ರದಲ್ಲಿ ಎರಡು ಪೀಳಿಗೆಗಳು ಒಂದರ ನಂತರ ಒಂದು ಬರುತ್ತವೆ ಎಂದು ವಿಲ್ಹೆಲ್ಮ್ ಹಾಫ್‌ಮೈಸ್ಟರ್ ತೋರಿಸಿದ್ದು 1851ರಲ್ಲಿ. ನಮ್ಮ ಮಕ್ಕಳ ‘ಸಣ್ಣ ಬೀಜ’ದ ಹಿಂದೆ ಇಷ್ಟು ಉದ್ದದ ಇತಿಹಾಸವಿದೆ ಎಂದು ಶಿಕ್ಷಕರಿಗೆ ತಿಳಿದಿದ್ದರೆ ಆ ಉತ್ತರ ಬಂದಾಗ ಸಹನೆ ಉಳಿಯುತ್ತದೆ.

ಊರಿನ ಮಾತಿನಲ್ಲಿ ‘ಬೀಜ’

ಹಳ್ಳಿಯ ಮಗುವಿಗೆ ‘ಬೀಜ’ ಬಹಳ ಅಗಲವಾದ ಪದ. ಹೊಲಕ್ಕೆ ಹಾಕುವುದೆಲ್ಲ ಬೀಜವೇ. ಬಿತ್ತುವ ಜೋಳದ ಕಾಳು ನಿಜವಾದ ಅರ್ಥದಲ್ಲಿ ಬೀಜವನ್ನು ಒಳಗೊಂಡ ಕಾಳು. ಆದರೆ ನಾಟಿಗೆ ಇಟ್ಟ ಆಲೂಗಡ್ಡೆಯನ್ನೂ, ಶುಂಠಿಯ ತುಂಡನ್ನೂ ರೈತರು ಬೀಜವೆಂದೇ ಕರೆಯುತ್ತಾರೆ. ಅವು ಕಾಂಡದ ಭಾಗಗಳು. ಅಣಬೆ ಬೆಳೆಯುವವರು ಕೊಂಡು ತರುವ ‘ಅಣಬೆ ಬೀಜ’ವಂತೂ ಬೀಜವೂ ಅಲ್ಲ, ಬೀಜಕವೂ ಅಲ್ಲ. ಬೇಯಿಸಿದ ಜೋಳದಂಥ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆಗಳು ಅವು.

ಈ ಬಳಕೆ ತಪ್ಪಲ್ಲ. ರೈತರ ಮಾತಿನಲ್ಲಿ ಬೀಜ ಎಂದರೆ ‘ಮುಂದಿನ ಬೆಳೆಗೆ ಮೂಲವಾದದ್ದು’. ಸಸ್ಯಶಾಸ್ತ್ರದ ಬೀಜ ಬೇರೆ: ಫಲೀಕರಣದ ನಂತರ ಅಂಡಕದಿಂದ ಆದದ್ದು, ಹೊರಗೆ ಸಿಪ್ಪೆ, ಒಳಗೆ ಭ್ರೂಣ. ಎರಡು ಅರ್ಥಗಳೂ ಇವೆ ಎಂದು ಮಕ್ಕಳಿಗೆ ಮೊದಲೇ ಹೇಳಿದರೆ ಮನೆಯ ಮಾತನ್ನು ಕೀಳಾಗಿಸದೆ ಶಾಸ್ತ್ರದ ಮಾತನ್ನು ಕಲಿಸಬಹುದು.

ಶಿಕ್ಷಕರು ತಿಳಿದಿರಬೇಕಾದ ಅರ್ಥ

ಬೀಜಕ ಎಂದರೆ, ಬೇರೊಂದು ಕೋಶದೊಡನೆ ಕೂಡದೆ ತಾನೇ ಬೆಳೆದು ಹೊಸ ದೇಹವಾಗಬಲ್ಲ, ಸಾಮಾನ್ಯವಾಗಿ ಒಂದೇ ಕೋಶದ, ಒಳಗೆ ಭ್ರೂಣವಿಲ್ಲದ ಘಟಕ. ಈ ವಾಕ್ಯದಲ್ಲಿ ಮೂರು ಅಂಶಗಳಿವೆ. ‘ಕೂಡದೆ’ ಎಂಬುದು ಬೀಜಕವನ್ನು ಲಿಂಗಾಣುವಿನಿಂದ ಬೇರ್ಪಡಿಸುತ್ತದೆ. ‘ಒಂದೇ ಕೋಶ’ ಮತ್ತು ‘ಭ್ರೂಣವಿಲ್ಲ’ ಎಂಬ ಎರಡು ಅದನ್ನು ಬೀಜದಿಂದ ಬೇರ್ಪಡಿಸುತ್ತವೆ. ಕೆಲವು ಶಿಲೀಂಧ್ರಗಳ ಬೀಜಕಗಳಲ್ಲಿ ಒಂದಕ್ಕಿಂತ ಹೆಚ್ಚು ಕೋಶಗಳಿರುವುದರಿಂದ ‘ಸಾಮಾನ್ಯವಾಗಿ’ ಎಂಬ ಮಾತನ್ನು ಬಿಡಬಾರದು.

ಗಾತ್ರ ಈ ವ್ಯಾಖ್ಯಾನದಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ತಂಬಾಕಿನ ಬೀಜ ಒಂದು ಗ್ರಾಂಗೆ 10,000ಕ್ಕೂ ಹೆಚ್ಚು ತೂಗುತ್ತದೆ. ಸೀತಾಳೆ ದಂಡೆಯಂಥ ಆರ್ಕಿಡ್‌ಗಳ ಬೀಜ ಧೂಳಿನಂತೆ ಗಾಳಿಯಲ್ಲಿ ಹಾರುತ್ತದೆ. ಆದರೂ ಅವು ಬೀಜಗಳೇ, ಏಕೆಂದರೆ ಒಳಗೆ ಭ್ರೂಣವಿದೆ.

ಜರೀಗಿಡದ ಬೀಜಕ ಅರ್ಧಸಂಖ್ಯೆಯ ವರ್ಣತಂತುಗಳುಳ್ಳ ಕೋಶ. ಎಲೆಯ ಹಿಂಬದಿಯ ಕಂದು ಚುಕ್ಕೆಯಲ್ಲಿ ಬೀಜಕಧಾನಿಗಳ ಗುಂಪಿದೆ. ಹೆಚ್ಚಿನ ಜರೀಗಿಡಗಳಲ್ಲಿ ಒಂದು ಬೀಜಕಧಾನಿಯಲ್ಲಿ 16 ತಾಯಿಕೋಶಗಳಿದ್ದು, ಪ್ರತಿಯೊಂದೂ ಅರ್ಧೀಕರಣ ವಿಭಜನೆಯಿಂದ ನಾಲ್ಕಾಗಿ 64 ಬೀಜಕಗಳಾಗುತ್ತವೆ. ಬೀಜಕಧಾನಿ ಒಣಗಿದಾಗ ಅದರ ಸುತ್ತಲಿನ ದಪ್ಪ ಗೋಡೆಯ ಕೋಶಗಳ ಪಟ್ಟಿ ಹಿಂದಕ್ಕೆ ಬಾಗಿ, ಕವಣೆಯಂತೆ ಮುಂದಕ್ಕೆ ಚಿಮ್ಮಿ ಬೀಜಕಗಳನ್ನು ಎಸೆಯುತ್ತದೆ. ತೇವದ ನೆಲದಲ್ಲಿ ಬಿದ್ದ ಬೀಜಕದಿಂದ ಮೊದಲು ಹುಟ್ಟುವುದು ಜರೀಗಿಡವಲ್ಲ, ಕೆಲವೇ ಮಿಲಿಮೀಟರ್ ಅಗಲದ, ಹೃದಯಾಕಾರದ ಹಸಿರು ಹಾಳೆ. ಅದೇ ಪ್ರೋಥ್ಯಾಲಸ್. ಅದರ ಮೇಲೆ ಲಿಂಗಾಣುಗಳು ಆಗುತ್ತವೆ. ಗಂಡು ಲಿಂಗಾಣು ನೀರಿನ ಪದರದಲ್ಲಿ ಈಜಿ ಹೆಣ್ಣು ಲಿಂಗಾಣುವನ್ನು ಕೂಡಿದ ಮೇಲೆ ಯುಗ್ಮಜ, ಯುಗ್ಮಜದಿಂದ ನಾವು ಕಾಣುವ ಜರೀಗಿಡ.

ಜೋಳದ ಬೀಜ ಬಿತ್ತಿದರೆ ಜೋಳ ಬರುತ್ತದೆ. ಜರೀಗಿಡದ ಬೀಜಕ ಬಿದ್ದಲ್ಲಿ ಮೊದಲು ಇನ್ನೊಂದು ರೂಪ ಬರುತ್ತದೆ. ಬೀಜಕವನ್ನು ಸಣ್ಣ ಬೀಜವೆಂದ ಮಗುವಿಗೆ ಈ ನಡುವಿನ ಪೀಳಿಗೆ ಎಂದೂ ಕಾಣುವುದಿಲ್ಲ. ಪಿಯುಸಿಯಲ್ಲಿ ಅದು ಪೀಳಿಗೆಗಳ ಪರ್ಯಾಯವನ್ನು ಇಂಗ್ಲಿಷಿನಲ್ಲಿ ಓದುವಾಗ ಪಾಠ ಅರ್ಥವಾಗದೆ ಉಳಿಯುತ್ತದೆ. ಆಗ ಮಗು ಭಾಷೆಯೇ ತನಗೆ ತೊಡಕು ಎಂದುಕೊಳ್ಳುತ್ತದೆ. ತೊಡಕು ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲೇ ಆರಂಭವಾಗಿರುತ್ತದೆ.

ಸಿದ್ಧತೆ

ಐದು ವಸ್ತುಗಳು ಬೇಕಾದವು. ಎಂಟು ಗಂಟೆ ನೆನೆಸಿದ ಶೇಂಗಾ ಕಾಳು. ಚುಕ್ಕೆ ಮೂಡಿದ ಜರೀಗಿಡದ ಎಲೆ. ಕುಂಡದಲ್ಲಿ ಬೆಳೆಸುವ ಜರೀಗಿಡದಲ್ಲಿ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ನೀರು ಚಿಮುಕಿಸಿ ಮುಚ್ಚಿಟ್ಟು ಬೂಷ್ಟು ಬರಿಸಿದ ರೊಟ್ಟಿಯ ತುಂಡು. ಕೈಮಸೂರ, ಬಿಳಿ ಹಾಳೆ. ಶಾಲೆಯಲ್ಲಿ ಸೂಕ್ಷ್ಮದರ್ಶಕ ಒಂದೇ ಇದ್ದುದರಿಂದ ಅದನ್ನು ಕಿಟಕಿಯ ಬಳಿ ಇಟ್ಟು ಸರದಿಯಲ್ಲಿ ನೋಡಲು ಏರ್ಪಾಡು ಮಾಡಿದೆ.

ಬೂಷ್ಟು ಬಂದ ರೊಟ್ಟಿಯನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಅಂಟುಪಟ್ಟಿಯಿಂದ ಮುಚ್ಚಿದ್ದೆ. ತರಗತಿಯಲ್ಲಿ ಅದನ್ನು ತೆರೆಯಬಾರದು. ಉಸಿರಾಟದ ತೊಂದರೆ ಇರುವ ಮಕ್ಕಳಿಗೆ ಬೂಷ್ಟಿನ ಪುಡಿ ಒಳ್ಳೆಯದಲ್ಲ. ಅಂಗಡಿಯ ಬ್ರೆಡ್ಡಿಗಿಂತ ಮನೆಯ ರೊಟ್ಟಿ ಮೇಲು, ಬ್ರೆಡ್ಡಿಗೆ ಬೂಷ್ಟು ತಡೆಯುವ ಪದಾರ್ಥ ಹಾಕಿರುತ್ತಾರೆ.

ಮೊದಲ ಅವಧಿ: ಪದವಿಲ್ಲದೆ ವಸ್ತು

ಪಾಠಯೋಜನೆಯನ್ನು 5ಇ ಮಾದರಿಯಲ್ಲೇ ಬರೆದಿದ್ದೆ. ಆದರೆ ಮೊದಲ ಎರಡು ಹಂತಗಳಲ್ಲಿ ‘ಬೀಜಕ’ ಎಂಬ ಪದವನ್ನು ಹಲಗೆಯ ಮೇಲೂ ಬರೆಯಲಿಲ್ಲ, ಬಾಯಲ್ಲೂ ಹೇಳಲಿಲ್ಲ.

ಮೊದಲಿಗೆ ಶೇಂಗಾ ಕಾಳನ್ನು ಎರಡು ಹೋಳಾಗಿ ಬಿಡಿಸಿದರು. ತುದಿಯಲ್ಲಿ ಎಳೆಯ ಬೇರು, ಅದರ ಹಿಂದೆ ಪುಟ್ಟ ಎಲೆಗಳು ಕಂಡವು. ‘ಸಸಿ ಒಳಗ ಮಡಚಿಟ್ಟಂಗ ಐತ್ರಿ ಮೇಡಂ’ ಎಂದಳು ಒಬ್ಬ ಹುಡುಗಿ. ಆ ಮಾತನ್ನೇ ಹಲಗೆಯ ಮೇಲೆ ಬರೆದೆ.

ನಂತರ ಜರೀಗಿಡದ ಎಲೆ ಕೊಟ್ಟೆ. ಹಿಂಬದಿಯ ಚುಕ್ಕೆಗಳನ್ನು ಕಂಡು ‘ಇದಕ್ಕ ರೋಗ ಬಂದೈತ್ರಿ’ ಎಂದರು ಕೆಲವರು. ‘ಹುಳದ ತತ್ತಿ ಇರಬೇಕ್ರಿ’ ಎಂದರು ಇನ್ನು ಕೆಲವರು. ರೋಗವಾದರೆ ಚುಕ್ಕೆಗಳು ಇಷ್ಟು ಅಚ್ಚುಕಟ್ಟಾಗಿ ಸಾಲಿನಲ್ಲಿ ಇರುತ್ತವೆಯೇ ಎಂದು ಕೇಳಿದೆ. ಗುಂಪುಗಳಲ್ಲಿ ಚರ್ಚೆ ನಡೆಯಿತು. ಎಲೆಯನ್ನು ಚುಕ್ಕೆ ಕೆಳಗಾಗುವಂತೆ ಬಿಳಿ ಹಾಳೆಯ ಮೇಲಿಟ್ಟು, ಗಾಳಿ ಆಡದ ಕಪಾಟಿನಲ್ಲಿ ಮರುದಿನದವರೆಗೆ ಬಿಟ್ಟೆವು.

ಕೊನೆಗೆ ಡಬ್ಬಿಯ ಬೂಷ್ಟನ್ನು ಕೈಮಸೂರದಿಂದ ನೋಡಿದರು. ಬಿಳಿ ಎಳೆಗಳ ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಕರಿ ಚುಕ್ಕೆಗಳು. ‘ರೊಟ್ಟಿಗೆ ಯಾರೂ ಏನೂ ಬಿತ್ತಿಲ್ಲ. ಇದು ಎಲ್ಲಿಂದ ಬಂತು?’ ಎಂಬುದನ್ನು ಮನೆಕೆಲಸದ ಪ್ರಶ್ನೆಯಾಗಿ ಕೊಟ್ಟೆ.

ಎರಡನೆಯ ಅವಧಿ: ವಸ್ತುವಿಗೆ ಪದ

ಮರುದಿನ ಎಲೆ ಎತ್ತಿದಾಗ ಹಾಳೆಯ ಮೇಲೆ ಚುಕ್ಕೆಗಳ ಸಾಲಿನಂತೆಯೇ ಕಂದು ಪುಡಿಯ ಗುರುತು ಬಿದ್ದಿತ್ತು. ಚಿಟಿಕೆ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿಟ್ಟು ಎಲ್ಲರೂ ನೋಡಿದರು. ಪ್ರತಿ ಕಣವೂ ಒಂದೇ ಕೋಶ. ಶೇಂಗಾದಲ್ಲಿದ್ದ ‘ಮಡಚಿಟ್ಟ ಸಸಿ’ ಇಲ್ಲಿ ಎಲ್ಲಿದೆ ಎಂದು ಕೇಳಿದಾಗ ಇಲ್ಲ ಎಂಬ ಉತ್ತರ ಅವರಿಂದಲೇ ಬಂತು. ಪ್ರೋಥ್ಯಾಲಸ್ ತೋರಿಸಲು ನನ್ನ ಬಳಿ ಚಿತ್ರಪಟ ಮಾತ್ರ ಇತ್ತು. ಜೀವನಚಕ್ರವನ್ನು ಹಲಗೆಯ ಮೇಲೆ ಹಂತ ಹಂತವಾಗಿ ಬರೆದೆ. ಆಮೇಲೆ ಹೇಳಿದೆ: ಈ ಕಣಕ್ಕೆ ಸಸ್ಯಶಾಸ್ತ್ರದಲ್ಲಿ ಬೀಜಕ ಎನ್ನುತ್ತಾರೆ. ಹೆಸರಿನಲ್ಲಿ ಬೀಜವಿದೆ, ವಸ್ತುವಿನಲ್ಲಿ ಇಲ್ಲ.

ಒಬ್ಬ ಹುಡುಗ ತನ್ನ ಹೊಲದ ಮುಂಗಾರಿ ಜೋಳದ ತೆನೆಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ. ಅದಕ್ಕೆ ಕಾಡಿಗೆ ರೋಗ. ಕಾಳಿನ ಜಾಗದಲ್ಲಿ ಬೂದು ಬಣ್ಣದ ತೆಳು ಚೀಲಗಳು, ಒಡೆದರೆ ಕಾಡಿಗೆಯಂಥ ಕರಿ ಪುಡಿ. ‘ಬಿತ್ತೂ ಮೊದಲ ನಮ್ಮಪ್ಪ ಬೀಜಕ್ಕ ಗಂಧಕ ಹಚ್ಚತಾರ್ರಿ. ಈ ಸಲ ಹಚ್ಚಲಿಲ್ಲ’ ಎಂದ.

ಯೋಜನೆಯಲ್ಲಿ ಇರದಿದ್ದ ಈ ತೆನೆ ಪಾಠದ ಮುಖ್ಯ ಸಾಮಗ್ರಿಯಾಯಿತು. ಬೀಜ ಮತ್ತು ಬೀಜಕಗಳ ವ್ಯತ್ಯಾಸ ಜೋಳದ ಕಾಡಿಗೆ ರೋಗದಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು. ಕರಿ ಪುಡಿಯೆಂದರೆ ಶಿಲೀಂಧ್ರದ ಬೀಜಕಗಳು. ರಾಶಿ ಮಾಡುವಾಗ ಚೀಲಗಳು ಒಡೆದು, ಪುಡಿ ಒಳ್ಳೆಯ ಕಾಳುಗಳ ಮೈಗೆ ಅಂಟುತ್ತದೆ. ಆ ಕಾಳನ್ನು ಮುಂದಿನ ಹಂಗಾಮಿಗೆ ಬಿತ್ತಿದಾಗ ಮಣ್ಣಿನಲ್ಲಿ ಎರಡೂ ಒಟ್ಟಿಗೆ ಮೊಳೆಯುತ್ತವೆ: ಬೀಜದಿಂದ ಜೋಳದ ಸಸಿ, ಬೀಜಕದಿಂದ ಶಿಲೀಂಧ್ರದ ಎಳೆ. ಎಳೆ ಸಸಿಯೊಳಗೆ ಸೇರಿ ಅದರೊಂದಿಗೇ ಬೆಳೆಯುತ್ತದೆ. ತೆನೆ ಬರುವವರೆಗೆ ಗಿಡ ಆರೋಗ್ಯವಾಗಿಯೇ ಕಾಣುತ್ತದೆ. ತೆನೆ ಬಂದಾಗ ಕಾಳಿನ ಬದಲು ಕಾಡಿಗೆ. ಗಂಧಕದ ಪುಡಿ ಕಾಳಿನ ಹೊರಮೈಗೆ ಅಂಟಿದ ಬೀಜಕವನ್ನು ಕೊಲ್ಲುತ್ತದೆ, ಬೀಜವನ್ನು ಕೊಲ್ಲುವುದಿಲ್ಲ. ‘ಬೀಜೋಪಚಾರ’ ಎಂಬ ಮಾತಿನ ಅರ್ಥ ಅಂದು ತರಗತಿಗೆ ತಿಳಿಯಿತು. ಬೀಜಕ ಸಣ್ಣ ಬೀಜವಾಗಿದ್ದರೆ ಈ ಕರಿ ಪುಡಿಯಿಂದ ಜೋಳ ಬರಬೇಕಿತ್ತಲ್ಲ ಎಂದು ಕೇಳಿದಾಗ ಇಡೀ ತರಗತಿ ನಕ್ಕಿತು. ಚೀಲವನ್ನು ತೆರೆಯದೆ, ಪಾಠದ ನಂತರ ತೆನೆಯನ್ನು ಸುಟ್ಟೆವು.

ಪದದ ಬಳಕೆಯಲ್ಲಿ ಎಚ್ಚರ

ವಿವರಣೆಯ ಹಂತದಲ್ಲಿ ಈ ಬಳಕೆಗಳನ್ನು ಸ್ಪಷ್ಟಪಡಿಸುವುದು ಒಳ್ಳೆಯದು.

1. ‘ಜರೀಗಿಡದ ಬೀಜ’ ಎನ್ನಬಾರದು. ಜರೀಗಿಡ, ಹಾವಸೆಗಳಿಗೆ ಬೀಜವಿಲ್ಲ, ಬೀಜಕಗಳಿವೆ.

2. ಬೀಜಕ ಮತ್ತು ಬೀಜಕಧಾನಿಯನ್ನು ಬೆರೆಸಬಾರದು. ಬೂಷ್ಟಿನ ಮೇಲೆ ಬರಿಗಣ್ಣಿಗೆ ಕಾಣುವ ಕರಿ ಚುಕ್ಕೆ ಬೀಜಕವಲ್ಲ, ಅನೇಕ ಬೀಜಕಗಳನ್ನು ತುಂಬಿಕೊಂಡ ಬೀಜಕಧಾನಿ. ‘ಧಾನಿ’ ಎಂದರೆ ಇರುವ ಜಾಗ. ‘ರಾಜಧಾನಿ’ಯನ್ನು ನೆನಪಿಸಿದರೆ ಮಕ್ಕಳಿಗೆ ಪದ ಉಳಿಯುತ್ತದೆ.

3. ಶಿಲೀಂಧ್ರ ಸಸ್ಯವಲ್ಲ. ಬೂಷ್ಟು, ಕಾಡಿಗೆ ರೋಗ, ಅಣಬೆಗಳ ಉದಾಹರಣೆ ಕೊಡುವಾಗ ‘ಸಸ್ಯದ ಬೀಜಕ’ ಎಂದು ಹೇಳಬಾರದು. ರೊಟ್ಟಿಯ ಬೂಷ್ಟಿನ ಬೀಜಕದಿಂದ ನೇರವಾಗಿ ಅದೇ ಬೂಷ್ಟು ಬರುತ್ತದೆ. ಜರೀಗಿಡದಲ್ಲಿರುವ ನಡುವಿನ ರೂಪ ಅಲ್ಲಿಲ್ಲ.

4. ಬ್ಯಾಕ್ಟೀರಿಯಾಗಳಲ್ಲೂ ‘ಸ್ಪೋರ್’ ಎಂಬ ಮಾತು ಬರುತ್ತದೆ. ಅಂಥ್ರಾಕ್ಸ್ ರೋಗದ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ತನ್ನೊಳಗೆ ಗಟ್ಟಿ ಕವಚದ ಒಂದು ಸ್ಪೋರ್ ಮಾಡಿಕೊಳ್ಳುತ್ತದೆ. ಒಂದು ಕೋಶದಿಂದ ಒಂದೇ ಸ್ಪೋರ್, ಅದರಿಂದ ಮತ್ತೆ ಒಂದೇ ಕೋಶ. ಸಂಖ್ಯೆ ಹೆಚ್ಚುವುದಿಲ್ಲ. ಅದು ಉಳಿವಿನ ಉಪಾಯ, ಸಂತಾನೋತ್ಪತ್ತಿಯಲ್ಲ.

5. ಬೀಜ ಬಿಡುವ ಗಿಡಗಳಲ್ಲಿ ಬೀಜಕವೇ ಇಲ್ಲ ಎಂದು ಹೇಳಬಾರದು. ಪರಾಗಕೋಶದಲ್ಲಿ ಆಗುವ ಲಘುಬೀಜಕವೇ ಬೆಳೆದು ಪರಾಗರೇಣುವಾಗುತ್ತದೆ. ಅಂಡಕದ ಒಳಗೂ ಒಂದು ಬೀಜಕ ಆಗುತ್ತದೆ, ಅದು ಹೊರಗೆ ಬರುವುದೇ ಇಲ್ಲ. ಹತ್ತನೆಯ ತರಗತಿಗೆ ಇದು ಹೆಚ್ಚಾಯಿತು. ಆದರೆ ‘ಪರಾಗ ಬೀಜಕವೇನ್ರಿ?’ ಎಂದು ಮಗು ಕೇಳಿಯೇ ಕೇಳುತ್ತದೆ, ನನ್ನ ತರಗತಿಯಲ್ಲೂ ಕೇಳಿತು. ‘ಬೀಜಕದಿಂದ ಬೆಳೆದದ್ದು, ಮುಂದೆ ಪಿಯುಸಿಯಲ್ಲಿ ಓದುತ್ತೀರಿ’ ಎಂದರೆ ಸಾಕು. ‘ಅಲ್ಲ’ ಎಂದುಬಿಟ್ಟರೆ ಮುಂದಿನ ಶಿಕ್ಷಕರು ಅದನ್ನು ಅಳಿಸಬೇಕಾಗುತ್ತದೆ.

6. ಒಂದು ಪಾಠದಲ್ಲಿ ಒಂದೇ ಪದ. ‘ಬೀಜಕ’ ಎಂದು ಆರಂಭಿಸಿ ‘ಬೀಜಾಣು’ ಎಂದು ಮುಂದುವರಿಸಬಾರದು. ಬೇರೆ ಹೆಸರುಗಳನ್ನು ಕೊನೆಯಲ್ಲಿ ಒಮ್ಮೆ ಪರಿಚಯಿಸಿದರೆ ಸಾಕು.

ಮೌಲ್ಯಮಾಪನ

ವ್ಯಾಖ್ಯಾನ ಬರೆಯಿರಿ ಎಂಬ ಪ್ರಶ್ನೆಯನ್ನು ಕೈಬಿಟ್ಟು ನಾಲ್ಕು ಪ್ರಶ್ನೆಗಳನ್ನು ಕೊಟ್ಟೆ.

ಅ) ತಂಬಾಕಿನ ಬೀಜ ಪುಡಿಯಷ್ಟು ಸಣ್ಣದು. ಅದನ್ನು ಬೀಜಕ ಎನ್ನಬಹುದೇ? ಕಾರಣ ಕೊಡಿ.
ಆ) ಜರೀಗಿಡದ ಬೀಜಕ ಬಿದ್ದ ತೇವದ ನೆಲದಲ್ಲಿ ಮೊದಲು ಹುಟ್ಟುವುದು ಏನು?
ಇ) ಜೋಳದ ಕಾಳಿಗೆ ಗಂಧಕ ಬೆರೆಸುವುದು ಯಾವುದನ್ನು ಕೊಲ್ಲಲು?
ಈ) ‘ಅಣಬೆ ಬೀಜ’ದಲ್ಲಿ ಅಣಬೆಯ ಭ್ರೂಣ ಇರುತ್ತದೆಯೇ?

ಮೂರನೆಯ ಪ್ರಶ್ನೆಗೆ ಹೆಚ್ಚಿನವರು ಸರಿಯಾಗಿ ಬರೆದರು. ಮೊದಲನೆಯದಕ್ಕೆ ‘ಎನ್ನಬಾರದು’ ಎಂದು ಬಹುತೇಕರು ಬರೆದರೂ ಕಾರಣದಲ್ಲಿ ಕೆಲವರು ‘ತಂಬಾಕಿಗೆ ಹೂವು ಇದೆ’ ಎಂದಷ್ಟೇ ಹೇಳಿದರು. ಅದು ಸುಳ್ಳಲ್ಲ, ಆದರೆ ಭ್ರೂಣದ ವಿಚಾರ ಅಲ್ಲಿಲ್ಲ. ಎರಡನೆಯ ಪ್ರಶ್ನೆಯೇ ಕಠಿಣವಾಯಿತು. ಕಣ್ಣಾರೆ ಕಂಡ ಎಲೆಯ ಅಚ್ಚು, ಕಾಡಿಗೆ ತೆನೆಗಳು ಮನಸ್ಸಿನಲ್ಲಿ ಉಳಿದಿದ್ದವು, ಚಿತ್ರಪಟದಲ್ಲಿ ಮಾತ್ರ ನೋಡಿದ ಪ್ರೋಥ್ಯಾಲಸ್ ಉಳಿದಿರಲಿಲ್ಲ. ಮುಂದೆ ಈ ಪಾಠ ಮಾಡುವವರು ಕೆಲವು ವಾರ ಮೊದಲೇ ಹಳೆಯ ಬಾವಿಯ ಗೋಡೆ, ನಲ್ಲಿಯ ಸುತ್ತಲಿನ ತೇವದ ಇಟ್ಟಿಗೆ, ನರ್ಸರಿಯ ಕುಂಡಗಳ ಮಣ್ಣನ್ನು ಹುಡುಕಿ ಜೀವಂತ ಪ್ರೋಥ್ಯಾಲಸ್ ತರುವುದು ಒಳ್ಳೆಯದು. ಸಿಗದಿದ್ದರೆ ತೇವದ ಇಟ್ಟಿಗೆ ಚೂರಿನ ಮೇಲೆ ಬೀಜಕಗಳನ್ನು ಉದುರಿಸಿ, ಗಾಜಿನಿಂದ ಮುಚ್ಚಿ, ನೆರಳಿನ ಬೆಳಕಿನಲ್ಲಿಟ್ಟು ಬೆಳೆಸಬಹುದು. ಇದಕ್ಕೆ ವಾರಗಳು ಬೇಕು, ಆದ್ದರಿಂದ ಬೋಧನಾಭ್ಯಾಸ ಶುರುವಾದ ದಿನವೇ ಇಡಬೇಕು.

ಒಂದು ಉತ್ತರಪತ್ರಿಕೆಯಲ್ಲಿ ಹೀಗಿತ್ತು: ‘ಬೀಜದಾಗ ಸಸಿ ಮಲಗಿರತೈತಿ. ಬೀಜಕದಾಗ ಸಸಿ ಇಲ್ಲ, ಅದು ಒಂದ ಕೋಶ. ಆದ್ರ ಯಾರನ್ನೂ ಕೂಡದ ಬೆಳೀತೈತಿ.’ ಪರೀಕ್ಷೆಯ ಭಾಷೆಗೆ ಇದನ್ನು ತಿದ್ದಿಕೊಳ್ಳಲು ಮಗುವಿಗೆ ಐದು ನಿಮಿಷ ಸಾಕು. ಅರ್ಥವನ್ನು ಮಾತ್ರ ಅದು ಈಗಾಗಲೇ ತನ್ನದಾಗಿಸಿಕೊಂಡಿದೆ. ಮಾರ್ಗದರ್ಶಿ ಶಿಕ್ಷಕರ ಅನುಮತಿಯಿಂದ ಆ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟೆ.